ಸತೀಶ್ ಧವನ್

ಸತೀಶ್ ಧವನ್ (25 ಸೆಪ್ಟೆಂಬರ್ 1920 – 3 ಜನವರಿ 2002) ಭಾರತದ ವಾಯುಯಾನ ವಿಜ್ಞಾನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹಾಗೂ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೊ) ಅಧ್ಯಕ್ಷ. ದ್ರವಚಲನ ಶಾಸ್ತ್ರದಲ್ಲಿ ನಡೆಸಿದ ಸಂಶೋಧನೆಗಾಗಿಯೂ, ರಾಕೆಟ್ ಮತ್ತು ಉಪಗ್ರಹಗಳಂತಹ ಜಟಿಲ ವ್ಯವಸ್ಥೆಗಳ ವೈಫಲ್ಯವನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಪರಿಪಾಠವನ್ನು ಬೆಳೆಸಿದ್ದಕ್ಕಾಗಿಯೂ ಅವರು ಪ್ರಸಿದ್ಧರು.

ಜನನ ಮತ್ತು ಶಿಕ್ಷಣ

ಧವನ್ ಶ್ರೀನಗರದಲ್ಲಿ ಜನಿಸಿದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪದವಿ, ಆಂಗ್ಲ ಸಾಹಿತ್ಯದ ಸ್ನಾತಕೋತ್ತರ ಪದವಿ ಹಾಗೂ 1945ರಲ್ಲಿ ಯಂತ್ರಶಾಸ್ತ್ರದ ಎಂಜಿನಿಯರಿಂಗ್ ಪದವಿ ಪಡೆದರು. ಬಳಿಕ ಅಮೆರಿಕಕ್ಕೆ ತೆರಳಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿಯೂ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿದರು. 1951ರಲ್ಲಿ ಹಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿದರು. ಹರಿಯುವ ಗಾಳಿಯು ಮೇಲ್ಮೈಯ ಮೇಲೆ ಉಂಟುಮಾಡುವ ಘರ್ಷಣೆಯನ್ನು ನೇರವಾಗಿ ಅಳೆಯುವ ವಿಧಾನವು ಅವರ ಆರಂಭದ ಮುಖ್ಯ ಸಂಶೋಧನೆಯಾಗಿದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ

1951ರಲ್ಲಿ ಬೆಂಗಳೂರಿಗೆ ಬಂದ ಧವನ್, 1955ರಲ್ಲಿ ವಾಯುಯಾನ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಶಬ್ದಾತೀತ ವೇಗದ ಗಾಳಿ ಸುರಂಗವನ್ನು ಅಲ್ಲಿ ನಿರ್ಮಿಸಿದರು. 1962ರಿಂದ 1981ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. 1970ರ ದಶಕದ ಆರಂಭದಲ್ಲಿ ಆವ್ರೊ ಎಚ್‌ಎಸ್-748 ವಿಮಾನದ ಹಾರಾಟ ಯೋಗ್ಯತೆಯನ್ನು ಪರಿಶೀಲಿಸಿದ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು.

ಬಾಹ್ಯಾಕಾಶ ಕಾರ್ಯಕ್ರಮ

1971ರ ಡಿಸೆಂಬರ್‌ನಲ್ಲಿ ವಿಕ್ರಮ್ ಸಾರಾಭಾಯಿ ನಿಧನರಾದ ಬಳಿಕ, 1972ರಲ್ಲಿ ಧವನ್ ಇಸ್ರೊ ಅಧ್ಯಕ್ಷರಾದರು. ವಿಜ್ಞಾನ ಸಂಸ್ಥೆಯ ಹೊಣೆಯನ್ನು ಬಿಡದೆ ಎರಡೂ ಕಾರ್ಯಗಳನ್ನು ನಿರ್ವಹಿಸಿದರು. ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿ ನೆಲೆಗೊಂಡಿತು.

ಅವರ ಅವಧಿಯ ಹಲವು ಉಪಗ್ರಹಗಳು ಭಾಗಶಃ ದೋಷಕ್ಕೆ ಒಳಗಾದವು. ಪೀಣ್ಯದಲ್ಲಿ ಸಿದ್ಧಗೊಂಡು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಹಾರಿದ ಆರ್ಯಭಟದಲ್ಲಿ ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆಯ ದೋಷದಿಂದ ವೈಜ್ಞಾನಿಕ ಪ್ರಯೋಗಗಳು ನಿಂತವು. 1981ರ ಆ್ಯಪಲ್ ಉಪಗ್ರಹದ ಒಂದು ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಆದರೂ ಅದನ್ನು ಸಂಪರ್ಕ ಪ್ರಯೋಗಗಳಿಗೆ ಬಳಸಲಾಯಿತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿರುಪಯುಕ್ತವಾಯಿತು. 1983ರ ಇನ್ಸಾಟ್-1ಬಿ ಯಶಸ್ವಿಯಾಯಿತು.

ಎಸ್‌ಎಲ್‌ವಿ-3ರ ವೈಫಲ್ಯ

ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಘನ ಇಂಧನದ ನಾಲ್ಕು ಹಂತಗಳನ್ನು ಹೊಂದಿದ್ದು, ಸುಮಾರು 22 ಮೀಟರ್ ಎತ್ತರವೂ 17 ಟನ್ ತೂಕವೂ ಇತ್ತು. ಎ. ಪಿ. ಜೆ. ಅಬ್ದುಲ್ ಕಲಾಂ ಯೋಜನೆಯ ನಿರ್ದೇಶಕರಾಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಮೇಲೆದ್ದ ವಾಹನದ ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೆಯ ಹಂತದಲ್ಲಿ ವಾಹನವು ನಿಯಂತ್ರಣ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು.

ತನಿಖೆಯಲ್ಲಿ ಕಾರಣ ಪತ್ತೆಯಾಯಿತು. ಎರಡನೆಯ ಹಂತದ ದಿಕ್ಕನ್ನು ನಿಯಂತ್ರಿಸುವ ವ್ಯವಸ್ಥೆಯ ಒಂದು ಕವಾಟವು ಧೂಳಿನ ಕಣದಿಂದ ಪೂರ್ತಿ ಮುಚ್ಚಿಕೊಳ್ಳದೆ, ಉಡಾವಣೆಗೆ ಮೊದಲೇ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಉಡಾವಣೆಗೆ ಮುನ್ನ ಗಣಕಯಂತ್ರ ಎಚ್ಚರಿಕೆ ನೀಡಿದ್ದರೂ, ಉಳಿದ ಆಮ್ಲ ಸಾಕೆಂಬ ತಜ್ಞರ ಅಂದಾಜನ್ನು ನಂಬಿ ಹಾರಿಸಲಾಗಿತ್ತು. ಒಂದು ಸಣ್ಣ ಭಾಗದ ದೋಷಸ್ಥಿತಿ ಹಂತಹಂತವಾಗಿ ಇಡೀ ವಾಹನದ ನಾಶಕ್ಕೆ ದಾರಿಮಾಡಿತ್ತು.

ಧವನ್ ಅಂದು ಪತ್ರಕರ್ತರನ್ನು ತಾವೇ ಎದುರಿಸಿ, ಸೋಲಿನ ಹೊಣೆಯನ್ನು ತಮ್ಮ ಮೇಲೆ ಹೊತ್ತುಕೊಂಡು, ತಂಡದ ಮೇಲೆ ವಿಶ್ವಾಸ ಪ್ರಕಟಿಸಿದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ಸುಮಾರು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರ ಮುಂದೆ ಮಾತನಾಡುವ ಅವಕಾಶವನ್ನು ಕಲಾಂ ಅವರಿಗೆ ನೀಡಿದರು.

ವೈಫಲ್ಯದ ಲೆಕ್ಕಾಚಾರ

ಇಂತಹ ವಾಹನದಲ್ಲಿ ಬಿಡಿಭಾಗಗಳು ಸರಪಳಿಯಂತೆ ಒಂದನ್ನೊಂದು ಅವಲಂಬಿಸುತ್ತವೆ. ತಲಾ ಶೇ 99 ವಿಶ್ವಾಸಾರ್ಹತೆಯ ನೂರು ಭಾಗಗಳಲ್ಲಿ ಎಲ್ಲವೂ ಸರಿಯಾಗಿರಬೇಕಾದರೆ, ಒಟ್ಟು ಯಶಸ್ಸಿನ ಸಂಭವನೀಯತೆ ಸುಮಾರು ಶೇ 37 ಮಾತ್ರ. ಪ್ರತಿ ಭಾಗದ ವಿಶ್ವಾಸಾರ್ಹತೆ ಶೇ 99.9 ಆದರೆ ಅದು ಶೇ 90ಕ್ಕೆ ಏರುತ್ತದೆ. ಒಂದೇ ಕಾರ್ಯಕ್ಕೆ ಎರಡು ಭಾಗಗಳನ್ನಿಟ್ಟರೆ ಅಪಾಯ ತಗ್ಗುತ್ತದೆ. ಆದರೆ ಒಂದೇ ಕಲ್ಮಶವು ಎರಡನ್ನೂ ಕೆಡಿಸಿದರೆ ಆ ಲಾಭ ಇಲ್ಲವಾಗುತ್ತದೆ. ಆದ್ದರಿಂದ ಯಾವ ಭಾಗ ಯಾವ ರೀತಿ ಕೆಡಬಹುದು, ಆ ದೋಷ ಎಲ್ಲಿಗೆ ಹರಡಬಹುದು ಎಂಬುದನ್ನು ಮೊದಲೇ ಪಟ್ಟಿಮಾಡುವುದು ಅಗತ್ಯ. 2004ರಲ್ಲಿ ಪ್ರಮಾಣಕವಾಗಿ ಪ್ರಕಟವಾದ ಎಎಡಿಎಲ್‌ನಂತಹ ವ್ಯವಸ್ಥಾ ವಿನ್ಯಾಸ ಭಾಷೆಗಳಲ್ಲಿ ಇಂದು ಈ ದೋಷಸ್ಥಿತಿಗಳನ್ನೂ ಅವುಗಳ ಸಂಭವನೀಯತೆಯನ್ನೂ ವಿನ್ಯಾಸದೊಂದಿಗೇ ಬರೆದಿಡಲು ಅವಕಾಶವಿದೆ. ಧವನ್ ಅವರ ಕಾಲದಲ್ಲಿ ಈ ಕಾರ್ಯವು ಪರಿಶೀಲನಾ ಸಮಿತಿಗಳ ವರದಿ ಮತ್ತು ಚರ್ಚೆಗಳ ಮೂಲಕ ನಡೆಯುತ್ತಿತ್ತು.

ಕೊನೆಯ ವರ್ಷಗಳು

1984ರಲ್ಲಿ ಇಸ್ರೊ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದ ಧವನ್ ಬೆಂಗಳೂರಿನಲ್ಲಿಯೇ ನೆಲೆಸಿದರು. ಹಕ್ಕಿಗಳ ಹಾರಾಟದ ವಿಜ್ಞಾನವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು.

ಗೌರವಗಳು

ಭಾರತ ಸರ್ಕಾರವು 1971ರಲ್ಲಿ ಪದ್ಮಭೂಷಣ ಹಾಗೂ 1981ರಲ್ಲಿ ಪದ್ಮವಿಭೂಷಣ ನೀಡಿ ಅವರನ್ನು ಗೌರವಿಸಿತು. 2002ರಲ್ಲಿ ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ ಎಂದು ಹೆಸರಿಡಲಾಯಿತು.