ಹಳಿಗಳಡಿ ಮರೆಯಾದ ಕಾಡಿನ ಲೆಕ್ಕವಿಟ್ಟ ಕ್ಲೆಗಾರ್ನ್

ಯಾದಗಿರಿ: ಮುಂಬೈ ಕಡೆಯಿಂದ ಯಾದಗಿರಿಯನ್ನು ಹಾದು ಬಂದ ರೈಲು ಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡಿತು. ಅದಕ್ಕೂ ಹತ್ತು ವರ್ಷ ಮೊದಲೇ ಇಂತಹ ಹಳಿಗಳಿಗಾಗಿ ಕಾಡು ತೆರುತ್ತಿದ್ದ ಬೆಲೆಯನ್ನು ಅಂಕಿಗಳಲ್ಲಿ ದಾಖಲಿಸಿದವರು ವೈದ್ಯ, ಸಸ್ಯವಿಜ್ಞಾನಿ ಹ್ಯೂ ಕ್ಲೆಗಾರ್ನ್.

1820ರಲ್ಲಿ ಮದ್ರಾಸಿನಲ್ಲಿ ಜನಿಸಿದ ಕ್ಲೆಗಾರ್ನ್, ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಪಡೆದು 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದರು. ಶಿವಮೊಗ್ಗದಲ್ಲಿದ್ದಾಗ ದಿನಕ್ಕೊಂದು ಸಸ್ಯವನ್ನು ಅಭ್ಯಸಿಸಿ, ಭಾರತೀಯ ಕಲಾವಿದರಿಂದ ಅವುಗಳ ಚಿತ್ರ ಬರೆಸಿದರು. ಮಲೆನಾಡಿನ ಕಾಡು ಕರಗುತ್ತಿರುವುದು ಅವರ ಗಮನಕ್ಕೆ ಬಂದದ್ದು ಅಲ್ಲಿಯೇ. ಉಷ್ಣವಲಯದ ಅರಣ್ಯನಾಶದ ಪರಿಣಾಮ ಕುರಿತು 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ಸಲ್ಲಿಕೆಯಾದ ವರದಿಯಲ್ಲಿ ಅವರದು ಪ್ರಮುಖ ಪಾತ್ರ. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗುವುದರ ಹಿಂದೆಯೂ ಅವರ ಸಲಹೆಯಿತ್ತು.

ಅದೇ ವರ್ಷ ಅವರು ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಆಗ ರೈಲ್ವೆ ಕಾಮಗಾರಿ ಭರದಿಂದ ಸಾಗಿತ್ತು. ಒಂದು ಮೈಲಿ ಹಳಿಗೆ ಸುಮಾರು 2,000 ಮರದ ಸ್ಲೀಪರ್‌ಗಳು ಬೇಕಾಗುತ್ತಿದ್ದವು. ಮದ್ರಾಸ್ ರೈಲ್ವೆಯೊಂದಕ್ಕೇ ವರ್ಷಕ್ಕೆ ಎರಡೂವರೆ ಲಕ್ಷ ಸ್ಲೀಪರ್, ಅಂದರೆ 35,000 ಮರಗಳು ಬೇಕೆಂದು 1861ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಲೆಕ್ಕ ಕೊಟ್ಟರು. ಎಂಜಿನ್‌ಗಳ ಒಲೆಗೆ ಬೇಕಾದ ಸೌದೆ ಇದಕ್ಕೆ ಹೊರತಾಗಿತ್ತು.

ಆದರೆ ಕ್ಲೆಗಾರ್ನ್ ರೈಲಿನ ವಿರೋಧಿಯಾಗಿರಲಿಲ್ಲ. ರೈಲಿಗೆ ಮರ ಒದಗಿಸುವುದೂ ಅವರ ಇಲಾಖೆಯ ಹೊಣೆಯಾಗಿತ್ತು. ಮೇಲಾಗಿ, ಕಾಡು ಸುಟ್ಟು ಬಿತ್ತುವ ಕುಮರಿ ಬೇಸಾಯವೇ ಅರಣ್ಯದ ದೊಡ್ಡ ಶತ್ರುವೆಂದು ಅವರು ನಂಬಿದ್ದರು. ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ಮದ್ರಾಸ್ ಸರ್ಕಾರ 1860ರಲ್ಲಿ ನಿಷೇಧಿಸಿತು. ಕೆನರಾದ ಬಡ ಬೇಸಾಯಗಾರರ ಕೈಯಿಂದ ಕಾಡು ಜಾರಿತು. ರೈಲಿನ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಲೆಕ್ಕ ಬಲ್ಲವರ ಕೈಯಲ್ಲೂ ಭಾರ ಬಿದ್ದದ್ದು ದುರ್ಬಲರ ಮೇಲೆಯೇ.

ಕ್ಲೆಗಾರ್ನ್ 1895ರಲ್ಲಿ ಸ್ಕಾಟ್ಲೆಂಡಿನಲ್ಲಿ ನಿಧನ ಹೊಂದಿದರು. ಇಂದು ಹಳಿಗಳಡಿ ಕಾಂಕ್ರೀಟ್ ಸ್ಲೀಪರ್‌ಗಳಿವೆ. ಆದರೂ ಹುಬ್ಬಳ್ಳಿ-ಅಂಕೋಲಾ ಮಾರ್ಗದ ವಿವಾದದಲ್ಲಿ ಅವರ ಕಾಲದ ಪ್ರಶ್ನೆಯೇ ಮರುಕಳಿಸಿದೆ. ಗದಗ-ವಾಡಿ ಮಾರ್ಗಕ್ಕಾಗಿ ವರ್ಷಗಳಿಂದ ಕಾದಿರುವ ಶಹಾಪುರ, ಸುರಪುರದ ಜನತೆಗೆ ರೈಲು ಬೇಕೇ ಬೇಕು. ಆದರೆ ಅದರ ಬೆಲೆ ಎಷ್ಟು, ಅದನ್ನು ತೆರುವವರು ಯಾರು ಎಂಬ ಲೆಕ್ಕ ಹಳಿ ಹಾಕುವ ಮೊದಲೇ ಜನರ ಮುಂದಿರಬೇಕು ಎಂಬುದೇ ಕ್ಲೆಗಾರ್ನ್ ಬದುಕು ಕಲಿಸುವ ಪಾಠ.