ಸರ್ ದೊರಾಬ್ಜಿ ಟಾಟಾರವರು ಮತ್ತು ಬರಿಗಾಲಿನ ಓಟಗಾರರು

ಸರ್ ದೊರಾಬ್ಜಿ ಟಾಟಾರವರ ಹೆಸರನ್ನು ಕೇಳಿದೊಡನೆ ಜಮ್‌ಷೆಡ್‌ಪುರದ ಉಕ್ಕಿನ ಕುಲುಮೆಗಳೂ ಬೆಂಗಳೂರಿನ ವಿಜ್ಞಾನ ಮಂದಿರವೂ ನಮ್ಮ ನೆನಪಿಗೆ ಬರುವುದು ಸಹಜವೇ. ಆದರೆ ಹೊಲದಲ್ಲಿ ದುಡಿದು, ಗಟ್ಟಿ ರಸ್ತೆಯ ಮೇಲೆ ಬರಿಗಾಲಿನಲ್ಲಿ ಓಡುತ್ತಿದ್ದ ರೈತರ ಹುಡುಗರನ್ನು ಕಂಡು, ಅವರಿಗೂ ಲೋಕದ ಓಟಗಾರರ ಸಾಲಿನಲ್ಲಿ ಒಂದು ಸ್ಥಾನವುಂಟೆಂದು ಮೊದಲು ನಂಬಿದವರಲ್ಲಿ ಅವರು ಪ್ರಮುಖರೆಂಬುದನ್ನು ಬಲ್ಲವರು ಕೆಲವರೇ. ಮಗಳು ಶಾಲೆಯ ಓಟದಲ್ಲಿ ಗೆದ್ದು ಬಂದಾಗ ಅವಳನ್ನು ಮುಂದಿನ ಊರಿನ ಪಂದ್ಯಕ್ಕೆ ಕಳುಹಿಸಬೇಕೋ ಬೇಡವೋ ಎಂದು ಆಲೋಚಿಸುವ ತಂದೆತಾಯಿಗಳಿಗೂ, ಒಂದು ಕಾಲದಲ್ಲಿ ಶಾಲೆಯ ಅಂಗಳದಲ್ಲಿ ಓಡಿ ಈಗ ಸಂಸಾರ ಭಾರವನ್ನು ಹೊತ್ತಿರುವ ಹಿಂದಿನ ವಿದ್ಯಾರ್ಥಿನಿಯರಿಗೂ ಈ ಮಹನೀಯರ ಚರಿತ್ರೆಯ ಆ ಭಾಗವು ತಿಳಿದಿರತಕ್ಕದ್ದೆಂದೆಣಿಸಿ ಇಲ್ಲಿ ಬರೆಯಲಾಗಿದೆ.

ದೊರಾಬ್ಜಿಯವರು 1859ನೆಯ ಇಸವಿ ಆಗಸ್ಟ್ 27ರಂದು ಮುಂಬಯಿಯಲ್ಲಿ ಜನಿಸಿದರು. ಅವರು ಜಮ್‌ಷೆಟ್‌ಜಿ ನಸರವಾನ್‌ಜಿ ಟಾಟಾರವರಿಗೂ ಹೀರಾಬಾಯಿಯವರಿಗೂ ಹಿರಿಯ ಪುತ್ರರು. ಮುಂಬಯಿಯಲ್ಲಿ ಪ್ರಾರಂಭದ ವಿದ್ಯಾಭ್ಯಾಸವಾದ ಮೇಲೆ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ಅವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಾನ್ವಿಲ್ ಮತ್ತು ಕೀಸ್ ಕಾಲೇಜಿನಲ್ಲಿ ಎರಡು ವರ್ಷ ಓದಿದರು. ಪುಸ್ತಕಗಳೊಡನೆ ಮೈದಾನವೂ ಅವರಿಗೆ ಪ್ರಿಯವಾಗಿದ್ದಿತು. ಕ್ರಿಕೆಟ್ಟಿನಲ್ಲಿಯೂ ಕಾಲ್ಚೆಂಡಿನಲ್ಲಿಯೂ ಕಾಲೇಜಿನ ಗೌರವವನ್ನು ಸಂಪಾದಿಸಿದುದಲ್ಲದೆ, ಟೆನಿಸ್ ಆಟದಲ್ಲಿಯೂ ದೋಣಿ ನಡೆಸುವುದರಲ್ಲಿಯೂ ಕುದುರೆ ಸವಾರಿಯಲ್ಲಿಯೂ ಅವರು ಪಳಗಿದರು. 1879ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಸೇರಿ 1882ರಲ್ಲಿ ಪದವೀಧರರಾದರು. ಆ ಮೇಲೆ ಎರಡು ವರ್ಷ ಮುಂಬಯಿ ಗೆಜೆಟ್ ಪತ್ರಿಕೆಯಲ್ಲಿ ಕೆಲಸ ಮಾಡಿ, 1884ರಲ್ಲಿ ತಂದೆಯವರ ವ್ಯಾಪಾರಕ್ಕೆ ಹೆಗಲು ಕೊಟ್ಟರು.

ಅವರ ಬಾಳಿನ ಜತೆಗಾರ್ತಿಯು ದೊರೆತುದು ನಮ್ಮ ಮೈಸೂರು ಸೀಮೆಯಲ್ಲಿಯೇ. ಆಗ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು ಡಾಕ್ಟರ್ ಹೊರ್ಮಸ್‌ಜಿ ಭಾಭಾರವರು. ಜಮ್‌ಷೆಟ್‌ಜಿಯವರು ಈ ಕುಟುಂಬವನ್ನು ಬಲ್ಲವರಾಗಿದ್ದರು. ಮೈಸೂರಿಗೆ ಹೋದಾಗ ಅವರ ಮನೆಗೆ ಹೋಗಿ ಬರುವಂತೆ ಮಗನಿಗೆ ಸೂಚಿಸಿದರು. 1898ರಲ್ಲಿ ದೊರಾಬ್ಜಿಯವರಿಗೂ ಭಾಭಾರವರ ಮಗಳಾದ ಮೆಹರಬಾಯಿಯವರಿಗೂ ವಿವಾಹವು ನಡೆಯಿತು. ಮೆಹರಬಾಯಿಯವರು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಬೆಳೆದು ವಿದ್ಯೆ ಕಲಿತವರು. ಹೆಣ್ಣುಮಕ್ಕಳು ಮನೆಯ ಹೊಸಲನ್ನು ದಾಟಿ ಆಟವಾಡುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಸೀರೆಯನ್ನುಟ್ಟುಕೊಂಡೇ ಟೆನಿಸ್ ಆಡಿ ಅನೇಕ ಬಹುಮಾನಗಳನ್ನು ಗೆದ್ದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿಯೂ, ಬಾಲ್ಯವಿವಾಹ ಪದ್ಧತಿಯ ನಿವಾರಣೆಗಾಗಿಯೂ ಅವರು ಪಟ್ಟ ಶ್ರಮವು ಸಾಮಾನ್ಯವಾದುದಲ್ಲ. ದೇಹಕ್ಕೆ ವ್ಯಾಯಾಮವೂ ಮನಸ್ಸಿಗೆ ವಿದ್ಯೆಯೂ ಸ್ತ್ರೀಯರಿಗೆ ಸಮಾನವಾಗಿ ಬೇಕೆಂಬುದು ಆ ಮನೆಯಲ್ಲಿ ಬಾಯಿಮಾತಾಗಿರದೆ ನಿತ್ಯದ ನಡತೆಯಾಗಿದ್ದಿತು.

1904ರಲ್ಲಿ ಜಮ್‌ಷೆಟ್‌ಜಿಯವರು ತೀರಿಕೊಂಡರು. ಅವರು ಕಂಡ ದೊಡ್ಡ ಕನಸುಗಳಲ್ಲಿ ಅನೇಕವು ಆಗಿನ್ನೂ ಪೂರ್ಣವಾಗಿರಲಿಲ್ಲ. ಕಬ್ಬಿಣದ ಅದಿರನ್ನು ಹುಡುಕುತ್ತ ಎತ್ತಿನ ಗಾಡಿಯಲ್ಲಿ ಕಾಡುಮೇಡುಗಳನ್ನು ಸುತ್ತಿದ್ದ ದೊರಾಬ್ಜಿಯವರು ಆ ಭಾರವನ್ನೆಲ್ಲ ಹೊತ್ತುಕೊಂಡರು. 1907ರಲ್ಲಿ ಉಕ್ಕಿನ ಕಂಪನಿಯು ಸ್ಥಾಪಿತವಾಯಿತು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಕೊಟ್ಟ ಭೂಮಿಯಲ್ಲಿ ವಿಜ್ಞಾನ ಮಂದಿರವು ಎದ್ದು, 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. 1910ರಲ್ಲಿ ದೊರಾಬ್ಜಿಯವರಿಗೆ ಸರ್ ಪದವಿಯು ಬಂದಿತು. ಮುಂದೆ ಕಟ್ಟಬೇಕಾಗಿದ್ದ ಕಾರ್ಖಾನೆಯ ಪಟ್ಟಣದಲ್ಲಿ ಕಾಲ್ಚೆಂಡು ಮತ್ತು ಹಾಕಿ ಆಟಗಳಿಗೆ ವಿಶಾಲವಾದ ಜಾಗವನ್ನು ಬಿಡಬೇಕೆಂದು ತಂದೆಯವರು 1902ರಲ್ಲಿಯೇ ಮಗನಿಗೆ ಕಾಗದ ಬರೆದಿದ್ದರು. ದುಡಿಯುವ ಜನರಿಗೆ ಆಟದ ಬಯಲೂ ಅವಶ್ಯವೆಂಬ ಪಾಠವನ್ನು ದೊರಾಬ್ಜಿಯವರು ಹೀಗೆ ತಂದೆಯಿಂದಲೇ ಕಲಿತಿದ್ದರು.

ಪುಣೆಯಲ್ಲಿ 1906ರಲ್ಲಿ ಡೆಕ್ಕನ್ ಜಿಮಖಾನ ಎಂಬ ವ್ಯಾಯಾಮ ಸಂಘವು ಹುಟ್ಟಿಕೊಂಡಿದ್ದಿತು. ಆ ಸಂಘದವರು ದೊರಾಬ್ಜಿಯವರನ್ನು ತಮ್ಮ ಅಧ್ಯಕ್ಷರನ್ನಾಗಿ ಆರಿಸಿಕೊಂಡರು. ಸಂಘದ ಓಟದ ಪಂದ್ಯಗಳನ್ನು ನೋಡಲು ಹೋದಾಗ ಅವರು ಕಂಡ ದೃಶ್ಯವು ಅವರ ಮನಸ್ಸಿನಲ್ಲಿ ಕಡೆಯವರೆಗೂ ಉಳಿಯಿತು. ಸ್ಪರ್ಧಿಗಳೆಲ್ಲರೂ ಹೊಲಗಳಲ್ಲಿ ಗೇಯ್ದು ಬಡ ಊಟವನ್ನುಂಡು ಬೆಳೆದ ಹುಡುಗರು. ಐರೋಪ್ಯ ದೇಶಗಳ ನಿಯಮಗಳಾಗಲಿ ಕ್ರಮವಾದ ಶಿಕ್ಷಣವಾಗಲಿ ಅವರಿಗೆ ಗೊತ್ತಿರಲಿಲ್ಲ. ಮೈದಾನವು ಚಿಕ್ಕದು; ಓಟದ ದಾರಿಯೆಂದರೆ ಉರುಳುಗಲ್ಲನ್ನು ಹಾಯಿಸದ ಹುಲ್ಲುನೆಲದ ಒಂದು ಭಾಗ. ನೂರು ಗಜದ ಓಟವನ್ನು ಸಹ ನೆಟ್ಟಗೆ ಓಡಿಸಲು ಸ್ಥಳವಿಲ್ಲದೆ, ಓಟಗಾರರ ನಡುವೆ ದಾರವನ್ನೂ ಕಟ್ಟದೆ, ತಿರುವಿನಲ್ಲಿಯೇ ಓಡಿಸಲು ಸಂಘದವರು ಯೋಚಿಸಿದ್ದರು. ಕೇಂಬ್ರಿಜ್ಜಿನ ಮೈದಾನಗಳಲ್ಲಿ ಆಡಿದವರಿಗೆ ಇದು ಮಕ್ಕಳಾಟದಂತೆ ಕಂಡಿದ್ದರೆ ಆಶ್ಚರ್ಯವಿರಲಿಲ್ಲ.

ಯಗಟಿಯ ಸುತ್ತಣ ಬಯಲು ಸೀಮೆಯ ಶಾಲೆಗಳಲ್ಲಿ ಓದಿದವರಿಗೆ ಇಂತಹ ಮೈದಾನವೇನೂ ಹೊಸತಲ್ಲ. ಸುಣ್ಣದ ಗೆರೆಯು ಅರ್ಧಕ್ಕೆ ಅಳಿಸಿಹೋಗಿರುವ, ಕಾಲಿಗೆ ನೊರಜುಗಲ್ಲು ಚುಚ್ಚುವ ನೆಲದಲ್ಲಿ ಓಡಿದ ಅನುಭವವು ನಮ್ಮ ಅನೇಕ ಹೆಣ್ಣುಮಕ್ಕಳಿಗುಂಟು. ಅಂತಹ ನೆಲವನ್ನು ಕಂಡು ಮುಖ ತಿರುಗಿಸಿ ಹೋಗುವವರು ಬಹಳ ಮಂದಿ. ದೊರಾಬ್ಜಿಯವರಾದರೋ ನೆಲದ ಕೊರತೆಯನ್ನು ಕಂಡರೂ ಓಡುವವರನ್ನು ನೋಡುವುದನ್ನು ಬಿಡಲಿಲ್ಲ. ಆ ಹುಡುಗರಿಗೆ ಎಲ್ಲಕ್ಕಿಂತ ಮುಖ್ಯವಾದ ಪಂದ್ಯವು ಸುಮಾರು 25 ಮೈಲಿಗಳ ದೀರ್ಘ ಓಟವಾಗಿದ್ದಿತು. ಬರಿಗಾಲಿನಲ್ಲಿ, ಬಿಸಿಲನ್ನೂ ಲೆಕ್ಕಿಸದೆ, ಗಟ್ಟಿಯಾದ ಜಲ್ಲಿ ರಸ್ತೆಯ ಮೇಲೆ ಅವರು ಓಡಿದರು. ಅವರು ತೆಗೆದುಕೊಂಡ ಕಾಲವನ್ನು ಅಳೆದು ನೋಡಿದಾಗ, ಅದು ಐರೋಪ್ಯ ಓಟಗಾರರ ಕಾಲದೊಡನೆ ಹೋಲಿಸತಕ್ಕಷ್ಟು ಚೆನ್ನಾಗಿದ್ದಿತು. ಗಡಿಯಾರಕ್ಕೆ ಬಡವ ಬಲ್ಲಿದರೆಂಬ ಭೇದವಿಲ್ಲ. ಅದು ತೋರಿಸಿದುದನ್ನು ಒಪ್ಪಿಕೊಳ್ಳುವ ಮನಸ್ಸು ಮಾತ್ರ ನೋಡುವವರಿಗೆ ಬೇಕು.

1919ರ ಪಂದ್ಯಗಳಿಗೆ ಮುಂಬಯಿಯ ಗವರ್ನರಾಗಿದ್ದ ಸರ್ ಜಾರ್ಜ್ ಲಾಯ್ಡರವರನ್ನು ಆಹ್ವಾನಿಸಲಾಯಿತು. ಈ ಹುಡುಗರನ್ನು 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆಯಲಿದ್ದ ಒಲಿಂಪಿಕ್ ಪಂದ್ಯಗಳಿಗೆ ಕಳುಹಿಸಬಹುದಲ್ಲವೇ ಎಂದು ದೊರಾಬ್ಜಿಯವರು ನಗೆಮಾತಿನಂತೆ ಸೂಚಿಸಿದರು. ಗವರ್ನರರು ಅದನ್ನು ನಗೆಮಾತೆಂದು ತಳ್ಳಿಬಿಡದೆ ಸಹಾಯ ಮಾಡಲು ಒಪ್ಪಿದರು. ಪರಾಧೀನವಾಗಿದ್ದ ಭಾರತಕ್ಕೆ ತನ್ನದೇ ತಂಡವನ್ನು ಕಳುಹಿಸಲು ಅನುಮತಿ ದೊರೆಯಿತು. ದೊರಾಬ್ಜಿಯವರು ತಮ್ಮ ಕೈಯಿಂದ ಹಣವನ್ನು ಕೊಟ್ಟು ಖರ್ಚಿಗೆ ನೆರವಾದರು. ಓಟಗಾರರೂ ಕುಸ್ತಿಪಟುಗಳೂ ಸೇರಿದ ಒಂದು ಚಿಕ್ಕ ತಂಡವು ಹಡಗನ್ನೇರಿತು.

ಆ ತಂಡದಲ್ಲಿದ್ದವರೊಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು. 1920ನೆಯ ಇಸವಿ ಆಗಸ್ಟ್ 22ರಂದು ಆಂಟ್‌ವರ್ಪಿನಲ್ಲಿ ಮ್ಯಾರಥಾನ್ ಓಟವು ನಡೆಯಿತು. ಆ ಸಾರಿ ದೂರವು 42.75 ಕಿಲೋಮೀಟರು, ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅದೇ ಅತಿ ದೀರ್ಘವಾದುದು. ಫಿನ್ಲೆಂಡಿನ ಪ್ರಖ್ಯಾತ ಓಟಗಾರ ಹಾನ್ನೆಸ್ ಕೊಲೆಹ್ಮೈನೆನರು 2 ಗಂಟೆ 32 ನಿಮಿಷಗಳಲ್ಲಿ ಅದನ್ನು ಮುಗಿಸಿ ಚಿನ್ನದ ಪದಕವನ್ನು ಪಡೆದರು. ಚೌಗುಲೆಯವರು 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾಗಿ ಗುರಿಯನ್ನು ಮುಟ್ಟಿದರು. ಕುಸ್ತಿಯಲ್ಲಿ ರಣಧೀರ ಶಿಂದೆಯವರು ತಮ್ಮ ವರ್ಗದಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದರು. ಪದಕವೊಂದೂ ಬರಲಿಲ್ಲ.

ಪದಕವನ್ನು ಮಾತ್ರ ಎಣಿಸುವವರು ಈ ಪ್ರಯಾಣವನ್ನು ವ್ಯರ್ಥವೆನ್ನಬಹುದು. ಆದರೆ ವಿಚಾರಮಾಡಿ ನೋಡೋಣ. ಹುಲ್ಲುನೆಲದ ತಿರುವಿನಲ್ಲಿ ಓಡುತ್ತಿದ್ದ ಒಂದು ಸಂಘದಿಂದ ಹೊರಟವರಲ್ಲೊಬ್ಬರು ಲೋಕದ ಅತ್ಯುತ್ತಮ ಓಟಗಾರನಿಗಿಂತ ಸುಮಾರು 18 ನಿಮಿಷ ಮಾತ್ರ ಹಿಂದಾದರು. ಆ 18 ನಿಮಿಷಗಳಲ್ಲಿ ಕಾಲಿನ ಬಲದ ಕೊರತೆಯೆಷ್ಟು, ಮೈದಾನದ ಕೊರತೆಯೆಷ್ಟು, ಶಿಕ್ಷಕರ ಕೊರತೆಯೆಷ್ಟು, ಹೊಟ್ಟೆತುಂಬ ಊಟದ ಕೊರತೆಯೆಷ್ಟು? ಮೊದಲನೆಯದು ಓಟಗಾರನಿಗೆ ಸೇರಿದುದು. ಉಳಿದವೆಲ್ಲ ಹಿರಿಯರಿಗೆ ಸೇರಿದವು. ದೊರಾಬ್ಜಿಯವರು ನಿರಾಶರಾಗದೆ ಆ ಉಳಿದ ಕೊರತೆಗಳನ್ನು ನೀಗಿಸುವ ಕೆಲಸಕ್ಕೆ ಕೈಹಾಕಿದುದೇ ಅವರ ದೊಡ್ಡತನ.

1920ರಲ್ಲಿ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಅದೇ ವರ್ಷ ಕ್ರೈಸ್ತ ಯುವಕರ ಸಂಘದ ಹ್ಯಾರಿ ಕ್ರೋ ಬಕ್‌ರವರು ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರನ್ನು ತರಬೇತು ಮಾಡುವ ಕಾಲೇಜನ್ನು ಪ್ರಾರಂಭಿಸಿದ್ದರು. ಬಕ್‌ರವರೂ, ಅದೇ ಸಂಘದ ಡಾಕ್ಟರ್ ನೊಹ್ರೆನರೂ ದೊರಾಬ್ಜಿಯವರ ಕಾರ್ಯಕ್ಕೆ ಕೈಜೋಡಿಸಿದರು. ಪ್ರಾಂತ ಪ್ರಾಂತಗಳಲ್ಲಿ ಸಂಘಗಳು ಏರ್ಪಟ್ಟು, ಅಲ್ಲಿ ಆರಿಸಲ್ಪಟ್ಟವರು 1924ರಲ್ಲಿ ದೆಹಲಿಯಲ್ಲಿ ಕೂಡಿ ಸ್ಪರ್ಧಿಸಿದರು. ಅವರಲ್ಲಿ ಉತ್ತಮರು ಪ್ಯಾರಿಸ್ಸಿನ ಒಲಿಂಪಿಕ್ ಪಂದ್ಯಗಳಿಗೆ ಹೋದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯು ಸ್ಥಾಪಿತವಾದಾಗ ದೊರಾಬ್ಜಿಯವರೇ ಅದರ ಮೊದಲ ಅಧ್ಯಕ್ಷರು. ಊರಿನ ಪಂದ್ಯದಿಂದ ಪ್ರಾಂತಕ್ಕೆ, ಪ್ರಾಂತದಿಂದ ದೇಶಕ್ಕೆ, ದೇಶದಿಂದ ಲೋಕಕ್ಕೆ ಏರುವ ಮೆಟ್ಟಲುಗಳು ಹೀಗೆ ಒಂದೊಂದಾಗಿ ಕಟ್ಟಲ್ಪಟ್ಟವು.

ಈ ಕೆಲಸವನ್ನು ಅವರು ಸುಖದ ದಿನಗಳಲ್ಲಿ ಬಿಡುವಿನ ವಿನೋದಕ್ಕಾಗಿ ಮಾಡಿದರೆಂದು ಯಾರೂ ತಿಳಿಯಕೂಡದು. ದೆಹಲಿಯ ಪಂದ್ಯಗಳು ನಡೆದ 1924ರಲ್ಲಿಯೇ ಉಕ್ಕಿನ ಕಂಪನಿಯು ಮುಳುಗುವ ಸ್ಥಿತಿಗೆ ಬಂದಿದ್ದಿತು. ಕೆಲಸಗಾರರಿಗೆ ಸಂಬಳ ಕೊಡಲು ಹಣವಿಲ್ಲದಿದ್ದಾಗ ದೊರಾಬ್ಜಿಯವರು ತಮ್ಮ ಸ್ವಂತ ಆಸ್ತಿಯನ್ನೂ, ಮೆಹರಬಾಯಿಯವರು ತಮ್ಮ ಒಡವೆಗಳನ್ನೂ ಬ್ಯಾಂಕಿಗೆ ಒತ್ತೆಯಿಟ್ಟು ಕಂಪನಿಯನ್ನು ಉಳಿಸಿದರು.

1931ರಲ್ಲಿ ಮೆಹರಬಾಯಿಯವರು ರಕ್ತದ ಅರ್ಬುದ ರೋಗದಿಂದ ವೇಲ್ಸ್ ದೇಶದಲ್ಲಿ ಮರಣ ಹೊಂದಿದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಮರುವರ್ಷ ದೊರಾಬ್ಜಿಯವರು ತಮ್ಮ ಐಶ್ವರ್ಯವನ್ನೆಲ್ಲ ಧರ್ಮನಿಧಿಗೆ ಬರೆದುಕೊಟ್ಟರು. ಪತ್ನಿಯ ಪ್ರಾಣವನ್ನು ತೆಗೆದ ರೋಗದ ಸಂಶೋಧನೆಗಾಗಿ ಅವರ ಹೆಸರಿನಲ್ಲಿಯೇ ಬೇರೊಂದು ನಿಧಿಯನ್ನಿಟ್ಟರು. ತರುವಾಯ ಪತ್ನಿಯ ಸಮಾಧಿಯನ್ನು ದರ್ಶಿಸಲೆಂದು ಯೂರೋಪಿಗೆ ಹೊರಟವರು 1932ನೆಯ ಇಸವಿ ಜೂನ್ 3ರಂದು ಜರ್ಮನಿಯಲ್ಲಿ ದೇಹಬಿಟ್ಟರು. ಇಂಗ್ಲೆಂಡಿನ ಬ್ರುಕ್‌ವುಡ್ ಸ್ಮಶಾನದಲ್ಲಿ ಪತಿಪತ್ನಿಯರು ಒಂದೇ ಸ್ಥಳದಲ್ಲಿ ವಿಶ್ರಮಿಸುತ್ತಿದ್ದಾರೆ.

ಆಂಟ್‌ವರ್ಪಿಗೆ ಹೋದ ತಂಡದಲ್ಲಿ ಹೆಣ್ಣುಮಕ್ಕಳೊಬ್ಬರೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರಿಗೆ ಓಟದ ಸ್ಪರ್ಧೆಗಳು ತೆರೆದುದೇ 1928ರಲ್ಲಿ. ನಮ್ಮ ದೇಶದ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜರವರು ಅಲ್ಲಿ ಓಡಿದುದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಚೌಗುಲೆಯವರು ಓಡಿದುದಕ್ಕೂ ಇವರು ಓಡಿದುದಕ್ಕೂ ನಡುವೆ 32 ವರ್ಷಗಳು ಕಳೆದಿದ್ದವು. ಆ 32 ವರ್ಷಗಳಲ್ಲಿ ಹೆಣ್ಣುಮಕ್ಕಳ ಕಾಲಿಗೆ ಬಲವಿರಲಿಲ್ಲವೆಂದು ಯಾರು ತಾನೇ ಹೇಳಿಯಾರು? ದೂರದ ಬಾವಿಯಿಂದ ನೀರು ಹೊತ್ತು ತಂದವರೂ, ಹೊಲದ ಬದುವಿನ ಮೇಲೆ ಬುತ್ತಿ ಹೊತ್ತು ನಡೆದವರೂ ಅವರೇ. ಇಲ್ಲದಿದ್ದುದು ಹೋಗಿ ಬಾ ಎಂದು ಕಳುಹಿಸುವ ಮಾತು.

ಈಗ ಶಾಲೆಯ ಪಂದ್ಯಗಳು ಹೋಬಳಿಯಲ್ಲಿ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ಹಾಯ್ದು ಮೇಲಕ್ಕೆ ಹೋಗುತ್ತವೆ. ಯಗಟಿ ಹೋಬಳಿಯಲ್ಲಿ ಗೆದ್ದ ಹುಡುಗಿಯು ಕಡೂರಿಗೆ ಹೋಗಬೇಕು. ಕಡೂರಿನಲ್ಲಿ ಗೆದ್ದರೆ ಜಿಲ್ಲೆಯ ಪಂದ್ಯದಲ್ಲಿ ಓಡಬೇಕು. ಮೆಟ್ಟಲುಗಳು ಕಟ್ಟಿ ಸಿದ್ಧವಾಗಿವೆ. ಆದರೂ ಎಷ್ಟೋ ಮಕ್ಕಳ ಓಟವು ಮೊದಲನೆಯ ಮೆಟ್ಟಲಿನಲ್ಲಿಯೇ ನಿಂತುಹೋಗುತ್ತದೆ. ಸೋತು ನಿಂತವರ ವಿಷಯದಲ್ಲಿ ದುಃಖಪಡಬೇಕಾದುದಿಲ್ಲ. ಸೋಲು ಆಟದ ಒಂದು ಭಾಗವೇ ಆಗಿದೆ. ಗೆದ್ದೂ ನಿಂತವರ ವಿಷಯವು ಬೇರೆ. ಜತೆಗೆ ಹೋಗುವವರಿಲ್ಲವೆಂದೋ, ಬಸ್ಸಿನ ಖರ್ಚಿಗೆ ತೊಡಕೆಂದೋ, ದೊಡ್ಡವಳಾದ ಹುಡುಗಿ ಓಡಿದರೆ ನೆಂಟರೇನೆಂದಾರೆಂದೋ ಮನೆಯಲ್ಲಿ ಉಳಿದ ಮಗಳ ಓಟವನ್ನು ಯಾವ ಗಡಿಯಾರವೂ ಅಳೆಯಲಾರದು.

ದೊರಾಬ್ಜಿಯವರಂತೆ ಕೋಟಿ ರೂಪಾಯಿಗಳನ್ನು ಕೊಡುವ ಶಕ್ತಿ ನಮಗಿಲ್ಲ. ಆದರೆ ಅವರು ಪುಣೆಯ ಮೈದಾನದಲ್ಲಿ ಮೊದಲು ಮಾಡಿದ ಕೆಲಸಕ್ಕೆ ಹಣವೇನೂ ಬೇಕಾಗಿರಲಿಲ್ಲ. ಅವರು ಬಂದು ನಿಂತು, ಓಡುವವರನ್ನು ಮನವಿಟ್ಟು ನೋಡಿದರು. ಹಿಂದಿನ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಪಂದ್ಯದ ದಿನ ಮೈದಾನಕ್ಕೆ ಬಂದು ಗೆರೆಯೆಳೆಯುವುದಕ್ಕೂ, ಕಾಲವನ್ನು ಗುರುತಿಸುವುದಕ್ಕೂ, ದೂರದ ಊರಿಗೆ ಹೋಗುವ ಮಕ್ಕಳ ಜತೆಗೆ ಹೋಗುವುದಕ್ಕೂ ಮುಂದಾದರೆ, ತಂದೆತಾಯಿಗಳು ಆ ದಿನದ ಮಟ್ಟಿಗೆ ಮಗಳನ್ನು ಮನೆಗೆಲಸದಿಂದ ಬಿಡಿಸಿ ಹೊಟ್ಟೆತುಂಬ ಉಣಿಸಿ ಕಳುಹಿಸಿದರೆ, ಅಷ್ಟೇ ಸಾಕು. ಮುಂದಿನದನ್ನು ಅವಳು ಓಡಿ ತೋರಿಸುವಳು.