ವೆಲ್ಲೂರಿನ ವೈದ್ಯಮಾತೆ



ಹಳ್ಳಿಯಲ್ಲಿ ದೊಡ್ಡ ಕಾಯಿಲೆ ಬಂದು ಇಲ್ಲಿಯ ವೈದ್ಯರು ಕೈಚೆಲ್ಲಿದರೆ, ವೆಲ್ಲೂರಿಗೆ ಕರೆದುಕೊಂಡು ಹೋಗಿ ಎಂದು ಹಿರಿಯರು ಹೇಳುವುದನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಆ ಆಸ್ಪತ್ರೆ ಕಟ್ಟಿದವರು ಯಾರೆಂದು ಬಲ್ಲವರು ಕಡಿಮೆ. ಆ ತಾಯಿಯ ಹೆಸರು ಐಡಾ ಸ್ಕಡರ್. ಅವರು ನಮ್ಮ ಮತದವರಲ್ಲ, ಅಮೆರಿಕದ ಮೂಲದವರು. ಆದರೂ ಈ ವಾರ ಅವರ ಸ್ಮರಣೆ ಮಾಡಲು ನಮಗೊಂದು ಕಾರಣವಿದೆ. ಅದನ್ನು ಕಡೆಯಲ್ಲಿ ಹೇಳುತ್ತೇವೆ.

ಐಡಾ ಹುಟ್ಟಿದ್ದು 1870ರಲ್ಲಿ, ಮದ್ರಾಸ್ ಪ್ರಾಂತದಲ್ಲಿ. ಅಜ್ಜ 1819ರಲ್ಲಿಯೇ ವೈದ್ಯ ಪಾದ್ರಿಯಾಗಿ ಸಿಂಹಳಕ್ಕೆ, ಅನಂತರ ಮದ್ರಾಸಿಗೆ ಬಂದವರು. ತಂದೆಯೂ ವೈದ್ಯರು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ 1876–78ರ ಕ್ಷಾಮದಲ್ಲಿ ಈ ಪುಟ್ಟ ಹುಡುಗಿ ಹಸಿದ ಮಕ್ಕಳಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ಆ ನೋಟ ಅವಳ ಮನಸ್ಸನ್ನು ಕದಡಿತು. ಮುಂದೆ ಓದಿಗೆಂದು ಅಮೆರಿಕಕ್ಕೆ ಹೋದವಳು, ಮನೆತನದ ಈ ಸೇವೆಯ ಹಾದಿ ತನಗೆ ಬೇಡವೇ ಬೇಡ ಎಂದು ನಿಶ್ಚಯಿಸಿದಳು. 1890ರಲ್ಲಿ ತಾಯಿಗೆ ಅಸ್ವಸ್ಥತೆಯಾದುದರಿಂದ ತಿಂಡಿವನಕ್ಕೆ ಬಂದಳು. ಅದೂ ಕೆಲವು ಕಾಲದ ಮಟ್ಟಿಗೆ ಮಾತ್ರ.

ಅಲ್ಲಿ ಒಂದು ರಾತ್ರಿ ಬ್ರಾಹ್ಮಣ ತರುಣನೊಬ್ಬ ಬಾಗಿಲಿಗೆ ಬಂದ. ಚಿಕ್ಕ ವಯಸ್ಸಿನ ಹೆಂಡತಿ ಹೆರಿಗೆಯಾಗದೆ ಒದ್ದಾಡುತ್ತಿದ್ದಾಳೆ, ಬನ್ನಿ ಎಂದು ಬೇಡಿದ. ತನಗೆ ವೈದ್ಯ ತಿಳಿಯದು, ತಂದೆಯವರು ಬರುತ್ತಾರೆ, ಜೊತೆಗೆ ತಾನೂ ಬರುವೆನೆಂದಳು ಐಡಾ. ಪರಪುರುಷ ತನ್ನ ಹೆಂಡತಿಯನ್ನು ನೋಡುವುದಕ್ಕಿಂತ ಅವಳು ಸಾಯುವುದೇ ಲೇಸೆಂದು ಆತ ಹಿಂದಿರುಗಿದ. ಅದೇ ರಾತ್ರಿ ಮುಸಲ್ಮಾನನೊಬ್ಬ ಬಂದ, ಆಮೇಲೆ ಇನ್ನೊಬ್ಬ ಹಿಂದೂ ಗೃಹಸ್ಥ ಬಂದ. ಬೇಡಿಕೆ ಒಂದೇ, ನಿರಾಕರಣೆಯೂ ಒಂದೇ. ಐಡಾಗೆ ನಿದ್ರೆ ಬರಲಿಲ್ಲ. ಬೆಳಗಾದಾಗ ಊರಿನಿಂದ ಸಾವಿನ ತಮಟೆ ಕೇಳಿಸಿತು. ಆಳನ್ನು ಕಳುಹಿಸಿ ವಿಚಾರಿಸಿದರೆ ಮೂವರು ಹೆಣ್ಣುಮಕ್ಕಳೂ ತೀರಿಹೋಗಿದ್ದರು.

ಆ ಮೂವರು ಗಂಡಂದಿರು ಕ್ರೂರಿಗಳಾಗಿರಲಿಲ್ಲ. ಹೆಂಡತಿಯ ಮೇಲೆ ಪ್ರೀತಿ ಇಲ್ಲದವನು ಕತ್ತಲೆಯಲ್ಲಿ ಪರದೇಶಿಗಳ ಬಾಗಿಲು ತಟ್ಟುತ್ತಾನೆಯೆ? ಅವರ ಕೈ ಕಟ್ಟಿದ್ದು ಸಂಪ್ರದಾಯ. ಆ ಕಟ್ಟನ್ನು ಸಡಿಲಿಸಬೇಕಾಗಿದ್ದವರು ಅವರವರ ಗುರುಗಳು, ಹಿರಿಯರು.

ಐಡಾ ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆ ಕಲಿತು 1899ರಲ್ಲಿ ಪದವಿ ಪಡೆದು, 1900ರ ಆರಂಭದಲ್ಲಿ ಮರಳಿದರು. ಅದೇ ವರ್ಷ ತಂದೆ ತೀರಿಕೊಂಡರು. ಎದೆಗುಂದದೆ ವೆಲ್ಲೂರಿನ ಬಂಗಲೆಯಲ್ಲಿ ಒಂದೇ ಒಂದು ಹಾಸಿಗೆಯಿಂದ ಚಿಕಿತ್ಸೆ ಆರಂಭಿಸಿದರು. ನ್ಯೂಯಾರ್ಕಿನ ಧನಿಕರೊಬ್ಬರು ಮಡಿದ ತಮ್ಮ ಪತ್ನಿಯ ನೆನಪಿಗೆ 10,000 ಡಾಲರ್ ಕೊಟ್ಟಿದ್ದರು. ಅದರಿಂದ 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಆಸ್ಪತ್ರೆಗೆ ಬರಲಾರದವರಿಗಾಗಿ ಗುಡಿಯಾತ್ತಂ ರಸ್ತೆಯ ಮರಗಳ ಕೆಳಗೆ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಕುಳಿತರು. ನಮ್ಮ ಜಂಗಮರು ಭಿಕ್ಷೆಗೆ ಊರೂರು ಸುತ್ತುವಂತೆ ಇವರು ರೋಗಿಗಳನ್ನು ಅರಸಿ ಸುತ್ತಿದರು.

ಆದರೆ ಒಬ್ಬ ವೈದ್ಯೆಯಿಂದ ಎಷ್ಟು ಮನೆ ಉಳಿದೀತು? ಇಲ್ಲಿಯ ಹೆಣ್ಣುಮಕ್ಕಳೇ ಕಲಿಯಬೇಕು ಎಂಬುದು ಅವರ ಹಟ. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆ ತೆರೆದರು. ಅರ್ಜಿ ಹಾಕುವವರಾದರೂ ಸಿಗುತ್ತಾರೆಯೆ ಎಂದು ಸರ್ಕಾರದ ವೈದ್ಯಾಧಿಕಾರಿಗಳಿಗೇ ಅನುಮಾನವಿತ್ತು. ಆದರೂ ಹುಡುಗಿಯರು ಬಂದರು. ಗಂಡುಹುಡುಗರಲ್ಲಿ ಬಹುಪಾಲು ನಪಾಸಾದ ಮೊದಲ ವರ್ಷದ ಪರೀಕ್ಷೆಯಲ್ಲಿ ಇವರು ಗೆದ್ದರು. ಮುಂದೆ ವಿಶ್ವವಿದ್ಯಾಲಯದ ಪದವಿಯೇ ಬೇಕೆಂಬ ನಿಯಮ ಬಂದು ಶಾಲೆ ಮುಚ್ಚುವ ಸ್ಥಿತಿಯಾದಾಗ, ಎಪ್ಪತ್ತು ದಾಟಿದ ಐಡಾ ಅಮೆರಿಕದಲ್ಲಿ ಊರೂರು ತಿರುಗಿ ಹಣ ಬೇಡಿದರು. ಅರವತ್ತರಲ್ಲಿಯೇ ಮಂಡಿ ಹಿಡಿದುಕೊಂಡು ಕೂರುವ ನಮಗೆ ಇದನ್ನು ಓದಿ ನಾಚಿಕೆಯಾಯಿತು. ಶಾಲೆ ಕಾಲೇಜಾಗಿ ಉಳಿಯಿತು. 1960ರ ಮೇ 24ರಂದು ಕೊಡೈಕನಾಲಿನಲ್ಲಿ, 89ನೆಯ ವಯಸ್ಸಿನಲ್ಲಿ ಅವರು ದೇಹ ಬಿಟ್ಟರು.

ದಾದಿಯರಾಗಿ ಕಲಿಯಲು ಹೆಚ್ಚಾಗಿ ಬಂದವರು ಕ್ರೈಸ್ತ ಮನೆಗಳ ಹುಡುಗಿಯರು. ಅವರ ಪಾದ್ರಿಗಳು ಅದನ್ನು ದೇವರ ಕೆಲಸವೆಂದು ಸಭೆಯಲ್ಲಿ ಹೇಳುತ್ತಿದ್ದರು. ಉಳಿದ ಮನೆಗಳಲ್ಲಿ ಮೈಲಿಗೆಯ ಭಯ. ನಾವು ವೀರಶೈವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಲಿಂಗಧಾರಿಗೆ ಪಂಚಸೂತಕಗಳಿಲ್ಲ ಎಂದು ಸಾರಿದ ಧರ್ಮ ನಮ್ಮದು. ಜನನಕ್ಕೆ ಸೂತಕವಿಲ್ಲ, ಮರಣಕ್ಕೆ ಸೂತಕವಿಲ್ಲ ಎಂದ ಮೇಲೆ ಹೆರಿಗೆಯ ಕೋಣೆ, ಹುಣ್ಣಿನ ಕೀವು ಮೈಲಿಗೆಯಾಗುವುದು ಹೇಗೆ? ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದ. ರೋಗಿಗೆ ಮದ್ದು ಕೊಡುವುದೇ ಆತನ ಕಾಯಕ. ಸಮೀಪ ಕಾಲದಲ್ಲಿ ಸುತ್ತೂರು ಮಠದ ವಿದ್ಯಾಪೀಠ 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನೇ ತೆರೆಯಿತು.

ಇಷ್ಟೆಲ್ಲ ಬಲ್ಲ ನಾವು ಮಾಡಿದ್ದೇನು? ಸುಮಾರು ಮೂವತ್ತು ವರ್ಷಗಳ ಹಿಂದೆ ರೈತಭಕ್ತನೊಬ್ಬ ಮಗಳನ್ನು ಕರೆತಂದು, ನರ್ಸ್ ತರಬೇತಿಗೆ ಕಳುಹಿಸಲೇ ಬುದ್ಧಿ ಎಂದು ಕೇಳಿದ. ರಾತ್ರಿ ಪಾಳಿ, ಪರಗಂಡಸರ ಮೈಮುಟ್ಟುವ ಕೆಲಸ, ನಮ್ಮವರಿಗೆ ಯಾಕಪ್ಪ, ಒಂದು ಒಳ್ಳೆಯ ವರ ನೋಡು ಎಂದೆವು. ಹುಡುಗಿ ಕಣ್ಣು ತಗ್ಗಿಸಿಕೊಂಡು ಪ್ರಸಾದ ಪಡೆದು ಹೋದಳು. ಕೆಲವು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಾಗಿ ನಾವೇ ಹದಿನೈದು ದಿನ ಮಲಗಬೇಕಾಯಿತು. ನಮ್ಮನ್ನು ಮಗ್ಗುಲು ತಿರುಗಿಸಿ, ಗಾಯ ತೊಳೆದು, ಬೆಳಗಿನ ಜಾವ ಇಷ್ಟಲಿಂಗ ಪೂಜೆಗೆ ನೀರು ತಂದಿಡುತ್ತಿದ್ದವಳು ಯಾವುದೋ ದೂರದ ಊರಿನ, ಯಾರದೋ ಮಗಳು. ಅವಳು ಬಂದಾಗಲೆಲ್ಲ ತಗ್ಗಿಸಿದ ಆ ಕಣ್ಣುಗಳು ನೆನಪಾಗುತ್ತಿದ್ದವು.

ಈ ಕಾರ್ತಿಕದಲ್ಲಿ ಅದೇ ಭಕ್ತ ಮೊಮ್ಮಗಳೊಂದಿಗೆ ಬಂದ. ಕೇಳಿದ್ದು ಹಳೆಯ ಪ್ರಶ್ನೆಯನ್ನೇ. ಧಾರಾಳವಾಗಿ ಕಳುಹಿಸು, ಅಂದು ನಾವು ತಪ್ಪು ಹೇಳಿದೆವು ಎಂದೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಟ್ಟಣದಲ್ಲಿ ಮಗು ಉಳಿಯುವುದೆಲ್ಲಿ ಬುದ್ಧಿ, ಮಠದ ವಿದ್ಯಾರ್ಥಿನಿಲಯ ಗಂಡುಮಕ್ಕಳದಲ್ಲವೆ ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಪಟ್ಟಣದ ಶಾಖಾಮಠದ ಹಿಂದಿನ ಹಳೆಯ ಉಗ್ರಾಣವನ್ನು ಈಗ ತೆರವು ಮಾಡಿಸಿದ್ದೇವೆ. ಹನ್ನೆರಡು ಹೆಣ್ಣುಮಕ್ಕಳಿಗೆ ಸ್ಥಳವಾಗುತ್ತದೆ. ಛಾವಣಿ, ಸ್ನಾನಗೃಹದ ಕೆಲಸ ಬಾಕಿ. ಮರ, ಹೆಂಚು, ಆಳಿನ ಕೈ ಕೊಡಬಲ್ಲ ಭಕ್ತರು ಶಿವರಾತ್ರಿಯೊಳಗೆ ಮಠದ ಪಾರುಪತ್ಯಗಾರರಿಗೆ ತಿಳಿಸಬೇಕು. ಓದುವ ಮನಸ್ಸಿರುವ ಮಗಳಿದ್ದರೆ ಅವಳನ್ನೂ ಕರೆತನ್ನಿ.